ಹಸಿರು ರಟ್ಟಿನ ಪುಸ್ತಕ ಮತ್ತು ನೋಲೀನಳ ಮೇಪಲ್

ಲೆಸ್ಟರ್ ಪ್ರಯಾರ್ ಮೂವತ್ತಾರು ವರ್ಷ ಭೂಮಿಯ ದಕ್ಷಿಣ ಬದಿಯ ಆರ್ಮಿಡೇಲ್ ಊರಿನ ಸುತ್ತಲಿನ ಮಣ್ಣು ರಸ್ತೆಗಳನ್ನು ಸಮ ಮಾಡಿದವನು. ಕೌನ್ಸಿಲ್‌ನ ಹಳದಿ ಯಂತ್ರದ ಮೇಲೆ ಕೂತು ಬೆಳಗಿನಿಂದ ಸಂಜೆಯವರೆಗೆ ದಿಬ್ಬ ಕೆರೆದು ಗುಂಡಿ ತುಂಬಿ, ಮನೆಗೆ ಬಂದು ಬೂಟು ಕಳಚಿದರೆ ಅವನ ದಿನ ಮುಗಿಯಿತು. ಗಿಡಮರ ಅಂದರೆ ಅವನ ಪಾಲಿಗೆ ರಸ್ತೆಗೆ ಅಡ್ಡ ಬಂದದ್ದು, ತಳ್ಳಿ ಪಕ್ಕಕ್ಕೆ ಹಾಕಬೇಕಾದದ್ದು. ಅಂಥವನು ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಜನವರಿಯ ಮೊದಲ ಶನಿವಾರ, ಹೆಂಡತಿಯ ಬೋನ್ಸಾಯ್ ಕ್ಲಬ್ಬಿನವರು ಸೇರುವ ಸ್ಕೌಟ್ ಹಾಲಿಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, ಪುಸ್ತಕ ಬೇಕಿತ್ತು ಅಂತ ಕೇಳುತ್ತಾನೆ ಅಂದರೆ ಅವನ ಮನೆಯಲ್ಲಿ ಏನೋ ಕೆಟ್ಟದ್ದು ನಡೆದಿದೆ ಅಂತಲೇ ಅರ್ಥ.

ನಡೆದಿತ್ತು. ನವೆಂಬರಿನಲ್ಲಿ ಅವನ ಹೆಂಡತಿ ನೋಲೀನ್ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ತಂತಿಯ ಕೆಳಗೇ ಕುಸಿದುಬಿಟ್ಟಳು. ಲಕ್ವ. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ತಿಂಗಳಾದ ಮೇಲೆ ನಾಲ್ಕೇ ನಾಲ್ಕು ಮಾತು ಹಿಂದಕ್ಕೆ ಬಂದವು: ‘ಹೂಂ’, ‘ಬೇಡ’, ಗಂಡನನ್ನು ಕರೆಯುವ ‘ಲೆಸ್’, ಮತ್ತೆ ‘ಮೇಪಲ್’. ಬೇರೆ ಯಾವುದೂ ಇಲ್ಲ. ನೀರು ಬೇಕಾದರೂ ನೀರು ಅನ್ನಲು ಬಾರದವಳು ಮೇಪಲ್ ಅನ್ನುತ್ತಿದ್ದಳು. ತಿದ್ದಲು ಹೋದರೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ನಲವತ್ತನಾಲ್ಕು ವರ್ಷ ಇಬ್ಬರ ಪಾಲಿನ ಮಾತನ್ನೂ ತಾನೊಬ್ಬಳೇ ಆಡಿದ್ದ ಹೆಂಗಸಿಗೆ ಬಂದ ಗತಿ ಇದು.

ಅಂಚೆ ಕಚೇರಿಯ ಎದುರಿನ ಮರದಡಿ ಬಿದ್ದಿದ್ದ ಒಂದು ಬೀಜ ಹೆಕ್ಕಿ ತಂದು ನೋಲೀನ್ ಕುಂಡದಲ್ಲಿ ಗಿಡ್ಡಗೆ ಬೆಳೆಸಿದ ಮೇಪಲ್ ಮರ ಅದು. ಮೂವತ್ತೊಂದು ವರ್ಷವಾದರೂ ಎರಡು ಗೇಣು ಎತ್ತರ ದಾಟಿರಲಿಲ್ಲ. ಸೆಪ್ಟೆಂಬರ್ ಬಂತೆಂದರೆ ಕಡ್ಡಿಯ ತುದಿತುದಿಗೂ ಕೆಂಪು ಚಿಗುರು. ಆ ಒಂದು ವಾರ ನೋಲೀನ್ ಬೆಳಗಿನ ಟೀ ಲೋಟ ಹಿಡಿದು ಅದರ ಮುಂದೆಯೇ ಕೂತಿರುತ್ತಿದ್ದಳು. ಲೆಸ್ಟರ್ ಅಡುಗೆಮನೆಯ ಕಿಟಕಿಯಿಂದ, “ಎಲ್ರೂ ಮರ ಬೆಳೀಲಿ ಅಂತ ಒದ್ದಾಡಿದ್ರೆ ನೀನೊಬ್ಳು ಬೆಳೀದೇ ಇರ್ಲಿ ಅಂತ ಒದ್ದಾಡ್ತೀಯಲ್ಲೇ!” ಅಂತ ಕೂಗುತ್ತಿದ್ದ. ಮೂವತ್ತೊಂದು ವರ್ಷ ಅದೇ ಕುಹಕ. ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಆರೈಕೆ ಮನೆಗೆ ಸೇರಿಸಿದ ದಿನ ಅವನು ಅವಳ ಎಡಗೈ ಹಿಡಿದು ಮಾತು ಕೊಟ್ಟ. “ಸೆಪ್ಟೆಂಬರಲ್ಲಿ ಕೆಂಪಗೆ ಚಿಗುರುತ್ತಲ್ಲ, ಆವಾಗ ತಂದು ನಿನ್ನ ತೊಡೆ ಮೇಲೇ ಇಡ್ತೀನಿ. ಎಲ್ಲೂ ಹೋಗಲ್ಲ ಅದು. ನಾನು ನೋಡ್ಕೋತೀನಿ.”

“ಹೂಂ,” ಅಂದಳು ನೋಲೀನ್.

ಮಾತು ಕೊಡುವುದು ಸುಲಭ. ಗಿಡಕ್ಕೆ ನೀರು ಹಾಕಿದರೆ ನೀರು ಮೇಲೆಯೇ ನಿಲ್ಲುತ್ತಿತ್ತು, ಕೆಳಗೆ ಇಳಿಯುತ್ತಲೇ ಇರಲಿಲ್ಲ. ಕುಸಿದು ಬೀಳುವ ಕೆಲವು ವಾರ ಮುಂಚೆ ನೋಲೀನ್ ತನ್ನಷ್ಟಕ್ಕೇ ಅಂದುಕೊಂಡಿದ್ದು ಅವನಿಗೆ ನೆನಪಿತ್ತು: ಬೇರು ಕುಂಡ ತುಂಬಿಬಿಟ್ಟಿದೆ, ಈ ಸಲ ಬೇರು ಕತ್ತರಿಸುವ ಸಮಯ ತಪ್ಪಿಸಿಕೊಂಡೆ, ಇನ್ನೊಂದು ಸಲ ತಪ್ಪಿದರೆ ಗಿಡದ ಉಸಿರು ಕಟ್ಟುತ್ತದೆ. ಯಾವ ಸಮಯ ಅಂತ ಕೇಳುವ ಬುದ್ಧಿ ಅವನಿಗೆ ಆಗ ಬರಲಿಲ್ಲ. ಈಗ ಕೇಳಿದರೆ ಹೇಳಲು ಅವಳಿಗೆ ಬಾಯಿಲ್ಲ. ಹೀಗೆ ಅವನು ಸ್ಕೌಟ್ ಹಾಲಿಗೆ ಬಂದದ್ದು.

ಕ್ಲಬ್ಬಿನ ಪೆಟ್ಟಿಗೆಯಲ್ಲಿ ಹನ್ನೆರಡು ಪುಸ್ತಕಗಳಿದ್ದರೂ ಎಲ್ಲರ ಬಾಯಲ್ಲಿದ್ದದ್ದು ಒಂದೇ, ಹಸಿರು ರಟ್ಟಿನ ದಪ್ಪ ಪುಸ್ತಕ. ಭೂಮಿಯ ಆ ಬದಿಯ ಯಾವುದೋ ಚಳಿದೇಶದಲ್ಲಿ ಬರೆದು ಅಚ್ಚು ಹಾಕಿದ್ದು. ಅದರ ಹಿಂಬದಿಯ ರಟ್ಟಿನ ಒಳಗೆ ಒಂದು ಗೆರೆಹಾಳೆ ಅಂಟಿಸಿದ್ದರು. ಓದಿದವರು ಅದರಲ್ಲಿ ತಮ್ಮ ಅಭಿಪ್ರಾಯ ಬರೆದು ಹೆಸರು ಹಾಕಬೇಕು. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಗೀಟು ಹಾಕುವಂತಿಲ್ಲ. ಹಿಂದೆ ಯಾರೋ ಯಾರದೋ ಸಾಲಿನ ಮೇಲೆ ಗೀಟು ಎಳೆದು, ಎರಡು ಮನೆಯವರು ಮುಖ ನೋಡುವುದು ಬಿಟ್ಟು, ಕ್ಲಬ್ಬೇ ಮುರಿದುಬೀಳುವ ಹಾಗಾದಾಗ ಮಾಡಿಕೊಂಡ ನಿಯಮ ಅದು. ಈ ಮಂದಿಗೆ ಆಕಾಶದೆತ್ತರದ ಮರವನ್ನು ಗೇಣುದ್ದಕ್ಕೆ ಇಳಿಸಲು ಬರುತ್ತದೆ, ಜಗಳವನ್ನು ಇಳಿಸಲು ಮಾತ್ರ ಬರುವುದಿಲ್ಲ.

‘ಇದೊಂದಿದ್ದರೆ ಬೇರೆ ಗುರು ಬೇಡ. ಕಣ್ಣುಮುಚ್ಚಿ ನಂಬಿ.’ ಇದು ಕ್ಲಬ್ಬಿನ ಅಧ್ಯಕ್ಷೆ ಗ್ವೆಂಡಾ ಟಲ್ ಬರೆದದ್ದು. ಅದರ ಕೆಳಗೆ ಇನ್ನೊಬ್ಬರು, ‘ಚಿತ್ರ ನೋಡಿ, ಓದಬೇಡಿ.’ ಮತ್ತೊಬ್ಬರು, ‘ಹೊಸಬರಿಗೆ ಅರ್ಥವಾಗುವುದಿಲ್ಲ, ಹಳಬರಿಗೆ ಅಗತ್ಯವಿಲ್ಲ.’ ಒಂದು ಸಾಲು, ‘ನನ್ನ ಎಲ್ಮ್ ಗಿಡ ಬದುಕಿದ್ದು ಇದರಿಂದ.’ ಅದಕ್ಕೆ ತಾಗಿಕೊಂಡೇ, ‘ನನ್ನದು ಸತ್ತದ್ದು ಇದರಿಂದ.’ ಇವೆಲ್ಲದರ ನಡುವೆ ಕೆಂಪು ಶಾಯಿಯಲ್ಲಿ, ದಪ್ಪ ಅಕ್ಷರದಲ್ಲಿ, ನಿವೃತ್ತ ಹೆಡ್‌ಮಾಸ್ಟರ್ ಕ್ಲೈವ್ ಬಾಟರಿಲ್‌ನ ಮಾತು: ‘ಎಚ್ಚರಿಕೆ! ಇದು ಭೂಮಿಯ ಆ ತುದಿಯವರಿಗೆ ಬರೆದದ್ದು. ಯಾವ ತಿಂಗಳು ಕಂಡರೂ ಅದಕ್ಕೆ ಆರು ಸೇರಿಸಿ. ಇಲ್ಲವಾದರೆ ಗಿಡದ ಆಸೆ ಬಿಡಿ.’

“ಗ್ವೆಂಡಾ, ಇದನ್ನ ನಂಬಬಹುದಾ?” ಅಂತ ಕೇಳಿದ ಲೆಸ್ಟರ್.

“ನಂಬಬಹುದಾ ಅಂತ ಕೇಳ್ತೀಯಲ್ಲ ಲೆಸ್! ನನ್ನ ಬೆಂಚಿನ ಮೇಲಿರೋ ಒಂದೊಂದು ಗಿಡಾನೂ ಆ ಪುಸ್ತಕ ಸಾಕಿದ್ದು. ಕೊನೇಲಿ ಒಂದು ಪಟ್ಟಿ ಇದೆ, ಯಾವ ಗಿಡಕ್ಕೆ ಯಾವ ತಿಂಗಳು ಏನು ಮಾಡ್ಬೇಕು ಅಂತ. ಹಾಗೇ ಮಾಡು, ಮುಗೀತು.”

“ಮುಗೀತು ಅಂದ್ರೆ ಗಿಡಾನೇ ಮುಗೀತು!” ಅಂತ ಟೀ ಪಾತ್ರೆಯ ಹತ್ತಿರದಿಂದ ಕ್ಲೈವ್ ಕೂಗಿದ.

“ಕ್ಲೈವ್, ನೀನು ಟೀ ಕುಡಿ.”

“ಕುಡೀತೀನಮ್ಮ. ಆದ್ರೆ ಪಾಪ ಈ ಮನುಷ್ಯನಿಗೆ ನಿಜ ಹೇಳೋರು ಯಾರು? ಮಾರಾಯ, ಅದನ್ನ ಬರೆದೋನು ಕ್ರಿಸ್‌ಮಸ್ ದಿನ ಬಾಗಿಲ ಮುಂದಿನ ಹಿಮ ಗುಡಿಸ್ತಾನೆ. ನೀನು ಏನ್ ಮಾಡ್ತೀಯ?”

“ಬನಿಯನ್ನಲ್ಲಿ ಕೂತು ಸೀಗಡಿ ಸುಲೀತೀನಿ.”

“ಹಾಂ! ಅಷ್ಟೇ ವಿಷಯ. ಅವನಿಗೆ ಚಳಿಗಾಲ ಇದ್ದಾಗ ನಮಗೆ ಬೇಸಿಗೆ. ಅವನ ತಿಂಗಳೇ ಬೇರೆ, ನಮ್ಮ ತಿಂಗಳೇ ಬೇರೆ.”

“ಎಷ್ಟು ವರ್ಷ ಆಯ್ತು ನೀನು ಆ ಪುಸ್ತಕ ಬಿಚ್ಚಿ?” ಗ್ವೆಂಡಾ ಸೊಂಟಕ್ಕೆ ಕೈ ಇಟ್ಟಳು.

“ಬಿಚ್ಚೋದ್ಯಾಕೆ? ವಿಷದ ಬಾಟ್ಲಿ ಬಿಚ್ಚಿ ರುಚಿ ನೋಡ್ತಾರಾ?”

ಶುರುವಾಯಿತು. ತಿಂಗಳ ಮಾತು ಹೋಗಿ ಮಣ್ಣಿನ ಮಾತು ಬಂತು, ಮಣ್ಣಿನಿಂದ ಗೊಬ್ಬರಕ್ಕೆ, ಗೊಬ್ಬರದಿಂದ ಯಾವುದೋ ಹಳೆಯ ಪ್ರದರ್ಶನದಲ್ಲಿ ಯಾರಿಗೋ ಸಿಗದ ಬಹುಮಾನಕ್ಕೆ. ಲ್ಯಾಮಿಂಗ್ಟನ್ ಕೇಕಿನ ತಟ್ಟೆ ಹಿಡಿದವರೂ ಎರಡು ಪಕ್ಷವಾದರು. ಲೆಸ್ಟರ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದದ್ದು ಯಾರ ಗಮನಕ್ಕೂ ಬರಲಿಲ್ಲ. ಅವನು ಬಂದದ್ದು ಯಾಕೆ ಅಂತಲೇ ಮರೆತಿದ್ದರು, ಪುಣ್ಯಾತ್ಮರು.

ಮನೆಯಲ್ಲಿ ಅಡುಗೆಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತ. ಒಳಗಿನ ಪಾಠಗಳು ಅವನ ತಲೆಗೆ ಹತ್ತಲಿಲ್ಲ. ಪಟ್ಟಿ ಹತ್ತಿತು, ಪಟ್ಟಿ ನೋಡಿ ಕೆಲಸ ಮಾಡಿಯೇ ಕೌನ್ಸಿಲ್‌ನಲ್ಲಿ ಅನ್ನ ತಿಂದವನು. ಮೇಪಲ್, ಬೇರು ಕತ್ತರಿಸಿ ಮಣ್ಣು ಬದಲಿಸುವುದು, ಆಗಸ್ಟ್. ಒಳ್ಳೆಯ ಕಪ್ಪು ಅಚ್ಚು. ಅವನು ಬೆರಳು ಮಡಚಿ ಎಣಿಸಿದ: ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ. ಆರು. ಅನುಮಾನವಾಗಿ ಇನ್ನೊಂದು ಸಲ ಎಣಿಸಿದ. ಮತ್ತೂ ಫೆಬ್ರವರಿಯೇ ಬಂತು. ಗಿಡ ನೋಡಿದರೆ ಮೈತುಂಬ ಎಲೆ ಹೊತ್ತು ನಿಂತಿದೆ. ಇಂಥದ್ದರ ಬೇರು ಕತ್ತರಿಸುವುದೇ ಅಂತ ಒಂದು ಕ್ಷಣ ಎದೆ ಹಿಂದೇಟು ಹಾಕಿತು. ಆದರೆ ನನಗೇನು ಗೊತ್ತು, ಹೆಡ್‌ಮಾಸ್ಟರ್ ಕೆಂಪು ಶಾಯಿಯಲ್ಲಿ ಬರೆದಿದ್ದಾನಲ್ಲ ಅಂತ ಸಮಾಧಾನ ಮಾಡಿಕೊಂಡ.

ಫೆಬ್ರವರಿಯ ಎರಡನೇ ಭಾನುವಾರ ಕೆಲಸಕ್ಕೆ ಕೂತ. ಯಾವ ಕೆಲಸ ಹಿಡಿದರೂ ಅಚ್ಚುಕಟ್ಟಾಗಿ ಮಾಡುವವನು. ಕುಂಡದಿಂದ ಗಿಡ ಎಬ್ಬಿಸಿ, ನೋಲೀನಳ ಸಣ್ಣ ಕತ್ತರಿಯಿಂದ ಬೇರಿನ ಮೂರನೇ ಒಂದು ಪಾಲು ತೆಗೆದು, ಹೊಸ ಮಣ್ಣು ಜರಡಿ ಹಿಡಿದು ತುಂಬಿ, ತಂತಿ ಬಿಗಿದು ಮತ್ತೆ ಕೂರಿಸಿದ. ನೀರು ಹಾಕಿದರೆ ಸರಸರ ಕೆಳಗಿಳಿಯಿತು. ಅದನ್ನು ನೋಡಿ ಎಷ್ಟು ಖುಷಿಯಾಯಿತೆಂದರೆ ಒಬ್ಬನೇ ನಿಂತು ನಕ್ಕ. ಮರುದಿನದಿಂದ ಮೂರು ದಿನ ಗಾಳಿಯೇ ಉರಿಯುವ ಬಿಸಿಲು.

ಆ ಸೋಮವಾರವೇ ಹೆಂಡತಿಗೆ ಸುದ್ದಿ ಹೇಳಿದ. “ನೋಡೇ, ನಿನ್ನ ಮೇಪಲ್‌ಗೆ ಬೇರು ಕತ್ತರಿಸಿ ಮಣ್ಣು ಬದಲಾಯಿಸ್ದೆ. ನಾನೇ! ನಿನ್ನೆ! ಪುಸ್ತಕ ನೋಡ್ಕೊಂಡು!”

ನೋಲೀನ್ ಅವನನ್ನೇ ನೋಡಿದಳು. “ಮೇಪಲ್,” ಅಂದಳು. ಎಡಗೈಯಿಂದ ಅವನ ಅಂಗಿಯ ಎದೆ ಹಿಡಿದು ಎಳೆದಳು. “ಮೇಪಲ್. ಮೇಪಲ್.” ಮುಖ ಕೆಂಪಾಗಿ, ಬಾಯಿ ಒಂದು ಕಡೆಗೆ ವಾಲಿ, ಕಣ್ಣೀರು ಗಲ್ಲದ ಮೇಲಿಂದ ಕುತ್ತಿಗೆಗೆ ಇಳಿಯಿತು.

“ಅಯ್ಯೋ ಹುಚ್ಚೀ, ಇಷ್ಟಕ್ಕೆಲ್ಲ ಅಳ್ತಾರಾ?” ಅಂದ ಲೆಸ್ಟರ್, ತನ್ನ ಕಣ್ಣೂ ಒರೆಸಿಕೊಂಡ. “ಮೂವತ್ತು ವರ್ಷ ಆಡ್ಕೊಂಡೆ. ಈಗ ನಾನೂ ಕಲ್ತೆ ನೋಡು.”

ಅವಳು ಅವನ ಅಂಗಿ ಬಿಡಲಿಲ್ಲ. ಫಿಜಿಯ ನರ್ಸ್ ಮೆರೆಸೈನಿ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಹೆಂಡತಿ ತನ್ನ ಕೆಲಸಕ್ಕೆ ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು ಅಂದುಕೊಂಡು ಲೆಸ್ಟರ್ ಶಿಳ್ಳೆ ಹಾಕುತ್ತ ಗಾಡಿ ಓಡಿಸಿಕೊಂಡು ಮನೆಗೆ ಬಂದ.

ಗುರುವಾರದ ಹೊತ್ತಿಗೆ ಎಲೆಗಳ ಅಂಚು ಸುರುಟಿತು. ಮುಂದಿನ ವಾರ ಪೂರ್ತಿ ಕಂದು. ಮಣ್ಣು ಬದಲಾಯಿಸಿದಾಗ ಗಿಡ ಸ್ವಲ್ಪ ಮುನಿಸಿಕೊಳ್ಳುತ್ತದೆ ಅಂತ ಪುಸ್ತಕದ ಯಾವುದೋ ಪುಟದಲ್ಲಿ ಓದಿದ್ದ, ಕಾದ. ನೆರಳಿಗಿಟ್ಟ, ಎಲೆಗೆಲ್ಲ ನೀರು ಚಿಮುಕಿಸಿದ, ಬೆಳಿಗ್ಗೆ ಎದ್ದು ಮೊದಲು ಅದರ ಮುಖ ನೋಡಿದ. ಏಪ್ರಿಲ್‌ನಲ್ಲಿ ಊರಿನ ಮೇಪಲ್‌ಗಳೆಲ್ಲ ಕೆಂಪಾಗಿ ಎಲೆ ಉದುರಿಸಿ ಬರಿದಾದವು. ಇದು ಮಾತ್ರ ಒಣಗಿದ ಎಲೆ ಕಚ್ಚಿಕೊಂಡು ನಿಂತೇ ಇತ್ತು. ಬದುಕಿದ್ದರೆ ತಾನೇ ಎಲೆ ಉದುರಿಸುವುದು? ಆರೈಕೆ ಮನೆಯಲ್ಲಿ ಅವನು ದಿನಾ “ಚೆನ್ನಾಗಿದೆ ಕಣೇ, ಚೆನ್ನಾಗಿದೆ” ಅನ್ನುತ್ತಿದ್ದ. ಅವಳು ಗಿಡದ ವಿಷಯ ಕೇಳುತ್ತಲೇ ಇರಲಿಲ್ಲ. ಫೆಬ್ರವರಿಯ ನಂತರ ನೋಲೀನಳ ಬಾಯಲ್ಲಿ ‘ಮೇಪಲ್’ ಅನ್ನುವ ಮಾತೇ ಬರಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು ಅಂತ ಅವನು ಉಸಿರುಬಿಟ್ಟ, ದಡ್ಡ.

ಮೇ ತಿಂಗಳ ಸಭೆಗೆ ಗಿಡವನ್ನು ಬಿಯರ್ ಪೆಟ್ಟಿಗೆಯಲ್ಲಿಟ್ಟು, ಸುತ್ತ ಟವೆಲ್ ತುರುಕಿ ತಂದ. ಪುಸ್ತಕವನ್ನೂ ತಂದ. ಗ್ವೆಂಡಾ ನೋಡಿದವಳೇ ಬಾಯಿ ಮುಚ್ಚಿಕೊಂಡಳು. ಕ್ಲೈವ್ ಉಗುರಿನಿಂದ ಕಾಂಡವನ್ನು ಚೂರು ಕೆರೆದ. ಜೀವ ಇದ್ದರೆ ತೊಗಟೆಯಡಿ ಹಸಿರು ಕಾಣಬೇಕು. ಮೂರು ಕಡೆ ಕೆರೆದ. ಮೂರೂ ಕಡೆ ಒಣ ಕಂದು.

“ಯಾವಾಗ ಬೇರು ಕತ್ತರಿಸ್ದೆ ಲೆಸ್?”

“ಫೆಬ್ರವರಿ.”

“ಫೆಬ್ರವರೀಲಾ? ಯಾರು ಹೇಳಿದ್ದು ನಿಂಗೆ?”

“ಪುಸ್ತಕ.”

“ನೋಡಿದ್ಯಾ!” ಕ್ಲೈವ್ ಗ್ವೆಂಡಾಳ ಕಡೆ ತಿರುಗಿದ. “ನಾನು ಬಾಯಿ ಬಡ್ಕೊಂಡೆ. ನಿನ್ನ ಪುಸ್ತಕ ಇನ್ನೊಂದು ಜೀವ ತಿಂತು.”

“ಎಲ್ಲಿದೆಯೋ ಫೆಬ್ರವರಿ? ತೋರ್ಸು!” ಗ್ವೆಂಡಾ ಪುಟ ತಿರುವಿ ಪಟ್ಟಿಯ ಮೇಲೆ ಬೆರಳು ಕುಟ್ಟಿದಳು. “ಆಗಸ್ಟ್ ಅಂತ ಇದೆ. ಕಣ್ಣಿಗೆ ಕಾಣಲ್ವಾ?”

“ಅದಕ್ಕೆ ಆರು ಸೇರಿಸ್ದೆ,” ಅಂದ ಲೆಸ್ಟರ್.

ಗ್ವೆಂಡಾ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ‘ಆಗಸ್ಟ್’ ಅನ್ನುವ ಅಕ್ಷರಗಳ ಅಂಚಿಗೆ ಉಗುರು ಕೊಟ್ಟು ಮೆಲ್ಲಗೆ ಎಬ್ಬಿಸಿದಳು. ಅಕ್ಕಿಕಾಳಿನಗಲದ ಚೀಟಿಯೊಂದು ಮೇಲೆದ್ದಿತು. ಅದರಡಿ, ಪುಸ್ತಕದವನ ಸ್ವಂತ ಅಚ್ಚಿನಲ್ಲಿ, ‘ಫೆಬ್ರವರಿ’ ಅಂತಿತ್ತು.

“ಆರು ಆಗ್ಲೇ ಸೇರಿಸಿದ್ದು ಕಣೋ ಲೆಸ್,” ಅಂದಳು. “ನೋಲೀನೇ ಸೇರಿಸಿದ್ದು. ಹೊಸಬರು ಎಡವಬಾರ್ದು ಅಂತ ಪಟ್ಟೀಲಿರೋ ಒಂದೊಂದು ತಿಂಗಳನ್ನೂ ತಿದ್ದಿದ್ಳು. ನಿನಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ನಿಮ್ಮನೇಲೇ ಕೂತು ಅಂಟಿಸಿದ್ದಲ್ವಾ?”

ಹೌದು. ಹೈಸ್ಕೂಲಿನ ಲೈಬ್ರರಿಯಲ್ಲಿ ಇಪ್ಪತ್ತೆಂಟು ವರ್ಷ ಹರಿದ ಪುಸ್ತಕ ರಿಪೇರಿ ಮಾಡಿದ ಕೈ ಅವಳದು. ಅಂಟಿಸಿದರೆ ಅಚ್ಚಾದದ್ದೋ ಅಂಟಿಸಿದ್ದೋ ಅಂತ ಯಾರಿಗೂ ತಿಳಿಯಬಾರದು ಅನ್ನುವುದು ಅವಳ ಹಟ. ಯಾವುದೋ ಚಳಿಗಾಲದಲ್ಲಿ ತಾನು ಫುಟ್‌ಬಾಲ್ ನೋಡುತ್ತಿದ್ದಾಗ ಪಕ್ಕದ ಮೇಜಿನಿಂದ ಗೋಂದಿನ ವಾಸನೆ ಬಂದು, ‘ಆ ದರಿದ್ರ ಡಬ್ಬಿ ಮುಚ್ಚೇ’ ಅಂತ ಬೈದದ್ದು ಲೆಸ್ಟರ್‌ಗೆ ನೆನಪಾಯಿತು. ಏನು ಮಾಡ್ತಿದ್ದೀಯ ಅಂತ ಕೇಳಿರಲಿಲ್ಲ. ಸಭೆಯಲ್ಲಿ ಅವಳು ಎಲ್ಲರಿಗೂ ಬಾಯಲ್ಲಿ ಹೇಳಿದ್ದಳಂತೆ. ಆ ವರ್ಷ ಕ್ಲೈವ್ ಬಹುಮಾನದ ಸಿಟ್ಟಿಗೆ ಕ್ಲಬ್ ಬಿಟ್ಟಿದ್ದ, ಅವನಿಗೆ ತಿಳಿಯಲಿಲ್ಲ. ಅದಕ್ಕೂ ಮುಂಚೆ ಅವನು ಬರೆದಿಟ್ಟಿದ್ದ ಕೆಂಪು ಸಾಲು ಹಾಗೆಯೇ ಉಳಿಯಿತು. ರಿಪೇರಿ ಮಾಡಿದವರು ಅಭಿಪ್ರಾಯ ಬರೆಯಬಾರದು ಅಂತ ನೋಲೀನ್ ಹಾಳೆಯಲ್ಲಿ ಒಂದಕ್ಷರ ಬರೆಯಲಿಲ್ಲ.

ಕ್ಲೈವ್‌ನ ಮುಖ ಬಿಳಿಚಿಕೊಂಡಿತು. “ಪೆನ್ ಕೊಡಿ ಯಾರಾದ್ರೂ. ಅದನ್ನ ಹೊಡೆದುಹಾಕ್ತೀನಿ.”

“ಗೀಟು ಹಾಕೋ ಹಾಗಿಲ್ಲ,” ಅಂದಳು ಗ್ವೆಂಡಾ, ಅಭ್ಯಾಸಬಲ.

“ನನ್ನ ಮಾತಿಗೆ ನಾನು ಗೀಟು ಹಾಕ್ಕೋಬಾರ್ದಾ?”

“ನಿಯಮ ಅಂದ್ರೆ ನಿಯಮ. ಕೆಳಗೆ ಇನ್ನೊಂದು ಸಾಲು ಬರಿ.”

ಅಲ್ಲಿಂದ ಮತ್ತೆ ಶುರು. ತಪ್ಪು ಪುಸ್ತಕದ್ದೋ, ಚೀಟಿಯದ್ದೋ, ನಿಯಮದ್ದೋ. ಒಬ್ಬರು, ಅಚ್ಚಾದದ್ದರ ಮೇಲೆ ಅಂಟಿಸಿದ್ದೇ ತಪ್ಪು ಅಂದರು. ಇನ್ನೊಬ್ಬರು, ಓದಲು ಬಾರದವನಿಗೆ ಪುಸ್ತಕ ಕೊಟ್ಟದ್ದೇ ತಪ್ಪು ಅಂತ ಪಿಸುಗುಟ್ಟಿದ್ದು ಲೆಸ್ಟರ್‌ಗೆ ಕೇಳಿಸಿತು. ಅವನು ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬಂದು ಗಾಡಿಯಲ್ಲಿ ಕೂತ. ಬೀಗದ ಕೈ ತಿರುಗಿಸಲು ಹೋದವನಿಗೆ ಫೆಬ್ರವರಿಯ ಆ ಸೋಮವಾರ ಕಣ್ಣ ಮುಂದೆ ಬಂತು. ಅಂಗಿ ಹಿಡಿದು ಎಳೆದಿದ್ದಳು. ಅಂದು ಗಿಡ ಇನ್ನೂ ಹಸಿರಾಗಿತ್ತು. ಅಂದೇ ಎಲೆ ಕಿತ್ತು, ತೇವದ ನೆರಳಲ್ಲಿಟ್ಟು ಏನಾದರೂ ಮಾಡಬಹುದಿತ್ತೋ ಏನೋ. ಅವಳಿಗೆ ಗೊತ್ತಿತ್ತು. ಬಾಯಿಲ್ಲದವಳು ಇದ್ದ ಒಂದೇ ಮಾತು ಹಿಡಿದು ಬೇಡಿಕೊಂಡಿದ್ದಳೇ? ತಾನು ಹುಚ್ಚೀ ಅಂದಿದ್ದನೇ?

ಅಲ್ಲ, ಅದು ಸಂತೋಷದ ಅಳುವೇ, ಅಂತ ಗಟ್ಟಿಯಾಗಿ ಹೇಳಿಕೊಂಡ. ಚಳಿಗಾಲವೆಲ್ಲ ಅದನ್ನೇ ಹೇಳಿಕೊಂಡ. ಹಿತ್ತಲಲ್ಲಿ ಮಂಜು ಹೆಪ್ಪುಗಟ್ಟಿದ ಬೆಳಗುಗಳಲ್ಲಿ ಸತ್ತ ಗಿಡಕ್ಕೆ ಚೀಲ ಹೊದಿಸಿದ. ಆರೈಕೆ ಮನೆಯಲ್ಲಿ ಬಾಯಿ ಬಿಡಲು ಎಷ್ಟೋ ಸಲ ಹೊರಟು, ಊಟದ ಮಾತು, ಹವೆಯ ಮಾತು ಆಡಿ ಎದ್ದು ಬಂದ.

ಸೆಪ್ಟೆಂಬರ್ ಎರಡನೇ ವಾರ ಗ್ವೆಂಡಾ ಅವನ ಮನೆಯ ಬಾಗಿಲು ತಟ್ಟಿದಳು. ಕೈಯಲ್ಲಿ ಅವಳ ಸ್ವಂತ ಮೇಪಲ್. ಅದೇ ಎತ್ತರ, ಹೆಚ್ಚುಕಡಿಮೆ ಅದೇ ಮೈಕಟ್ಟು, ತುದಿತುದಿಗೂ ಕೆಂಪು. ಹಿಂದೆ ಕ್ಲೈವ್.

“ಇದನ್ನ ನೋಲೀನಳ ನೀಲಿ ಕುಂಡಕ್ಕೆ ಹಾಕಿ ತಗೊಂಡ್ಹೋಗು,” ಅಂದಳು. “ಒಂದು ಸಲ ಕೆಂಪು ನೋಡ್ಲಿ ಪಾಪ. ಅವಳಿಗೆಲ್ಲಿ ಗೊತ್ತಾಗುತ್ತೆ?”

“ಮೂವತ್ತೊಂದು ವರ್ಷ ಕೈಯಾರೆ ಸಾಕಿದೋಳಿಗೆ ಗೊತ್ತಾಗಲ್ವಾ?” ಅಂದ ಕ್ಲೈವ್. “ಬೇಡ ಮಾರಾಯ. ಹೋಗಿ ಇದ್ದದ್ದು ಹೇಳಿಬಿಡು. ಬೇಕಾದ್ರೆ ನಾನೂ ಬರ್ತೀನಿ, ಬರೆದೋನು ನಾನೇ ಅಂತೀನಿ.”

ಈ ಸಲವೂ ಎರಡು ಅಭಿಪ್ರಾಯ. ಲೆಸ್ಟರ್ ಇಬ್ಬರ ಮುಖವನ್ನೂ ನೋಡಿದ. ಅವಳು ಈ ಗಿಡ ನೋಡಿ ‘ಮೇಪಲ್’ ಅಂದುಬಿಟ್ಟರೆ, ನಂಬಿಬಿಟ್ಟರೆ, ಅವಳಿಗೆ ಏನೂ ಗೊತ್ತಿಲ್ಲ ಅಂತಾಯಿತು. ಫೆಬ್ರವರಿಯದು ಸಂತೋಷದ ಅಳುವೇ ಅಂತಾಯಿತು. ತಾನು ಅವಳ ಕೂಗಿಗೆ ಕಿವುಡನಾದವನಲ್ಲ ಅಂತಾಯಿತು. ಅಷ್ಟು ಸಿಕ್ಕಿದರೆ ಸಾಕಾಗಿತ್ತು ಅವನಿಗೆ. ಗಿಡ ತೆಗೆದುಕೊಂಡ.

ಆರೈಕೆ ಮನೆಯ ಜಗಲಿಯಲ್ಲಿ ಬಿಸಿಲಿತ್ತು. ನೋಲೀನ್ ಗಾಲಿಕುರ್ಚಿಯಲ್ಲಿ ಕೂತಿದ್ದಳು, ಮೆರೆಸೈನಿ ತಲೆ ಬಾಚಿ ಮುಗಿಸಿದ್ದಳು. ಲೆಸ್ಟರ್ ನೀಲಿ ಕುಂಡವನ್ನು ಅವಳ ತೊಡೆಯ ಮೇಲಿಟ್ಟು, ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮೊಣಕಾಲೂರಿ ಕೂತ.

“ತಂದೆ ನೋಡೇ. ಮಾತು ಕೊಟ್ಟಿದ್ನಲ್ಲ. ಎಷ್ಟು ಕೆಂಪಗಿದೆ ನೋಡು.”

“ಅಬ್ಬಾ, ಎಷ್ಟು ಚೆನ್ನಾಗಿದೆ!” ಅಂದಳು ಮೆರೆಸೈನಿ.

ನೋಲೀನ್ ಚಿಗುರಿನ ಕಡೆ ನೋಡಲೇ ಇಲ್ಲ. ಎಡಗೈ ಎತ್ತಿ ಕಾಂಡದ ಬುಡಕ್ಕಿಟ್ಟಳು. ಬೆರಳು ನಿಧಾನವಾಗಿ ಮೇಲೆ ಸರಿದು, ಕೆಳಗಿನ ಕೊಂಬೆ ಕವಲೊಡೆಯುವ ಕಡೆ ಬಂದು, ಅದರ ಹಿಂದಕ್ಕೆ ಹೋಗಿ ಏನನ್ನೋ ಹುಡುಕಿತು. ಅವಳ ಗಿಡದಲ್ಲಿ ಅಲ್ಲಿ ಒಂದು ಗಂಟಿತ್ತು, ಎಂದೋ ಪಾಸಮ್ ಅನ್ನುವ ಮರವಾಸಿ ಪ್ರಾಣಿ ಜಿಗಿದು ಕೊಂಬೆ ಮುರಿದ ಗಾಯ ಮಾಯ್ದು ಆದದ್ದು. ಇಲ್ಲಿ ನುಣ್ಣಗಿತ್ತು. ಬೆರಳು ಅಲ್ಲೇ ನಿಂತಿತು.

“ಬೇಡ,” ಅಂದಳು.

“ನಿಂದೇ ಕಣೇ. ನಿನ್ನ ಮೇಪಲ್. ಮೇಪಲ್ ಅನ್ನೇ.” ಅವನು ಕುಂಡವನ್ನು ಅವಳ ಕಡೆಗೆ ಇನ್ನಷ್ಟು ವಾಲಿಸಿದ. “ಒಂದ್ಸಲ ಅನ್ನು.”

ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಅವನನ್ನು ನೋಡಿದಳು. ಫೆಬ್ರವರಿಯಲ್ಲಿ ಹರಿದ ಕಣ್ಣೀರಿನ ಒಂದು ಹನಿಯೂ ಈಗಿಲ್ಲ. ಅಳಲು ಏನೂ ಉಳಿಯದವರ ಹಾಗೆ, ಗಂಡ ಇಷ್ಟು ತಿಂಗಳು ಹೊತ್ತು ತಿರುಗಿದ ಸುಳ್ಳನ್ನು ಪೂರ್ತಿ ಓದಿ ಮುಗಿಸಿದವರ ಹಾಗೆ ನೋಡಿದಳು.

“ಬೇಡ ಲೆಸ್.”

ಮೆರೆಸೈನಿ ಚಪ್ಪಾಳೆ ತಟ್ಟಿದಳು. “ಕೇಳಿಸ್ತಾ ಲೆಸ್ಟರ್? ಎರಡು ಮಾತು ಸೇರಿಸಿದ್ರು! ಹತ್ತು ತಿಂಗಳಾದ್ಮೇಲೆ ಇದೇ ಮೊದಲು! ತಡೀರಿ, ಬರ್ಕೋಬೇಕು.” ಜೇಬಿನಿಂದ ಪೆನ್ ತೆಗೆದು, ಕುರ್ಚಿಗೆ ನೇತುಹಾಕಿದ್ದ ಹಾಳೆಯಲ್ಲಿ ತಾರೀಖು ಹಾಕಿ, ನಗುತ್ತ ಬಗ್ಗಿದಳು. “ಇನ್ನೊಂದ್ಸಲ ಹೇಳಿಸಿ ನೋಡೋಣ. ಡಾಕ್ಟರ್‌ಗೆ ತುಂಬ ಖುಷಿಯಾಗುತ್ತೆ.”

ಲೆಸ್ಟರ್ ಕುಂಡವನ್ನು ಅವಳ ತೊಡೆಯಿಂದ ಎತ್ತಿ ತನ್ನ ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದ.

ಅವನು ಹೇಳಿಸದಿದ್ದರೂ ನೋಲೀನ್ ಆ ಎರಡು ಮಾತನ್ನು ಇನ್ನೊಂದು ಸ‌ಲ ಹೇಳಿದಳು.